ಅಸಲು ಇಟ್ಟುಕೊಂಡವಳು

ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಜಿಗೆ ಕೂತು ನನಗೆ ಹದಿನೆಂಟು ವರ್ಷವಾಯಿತು. ಜನ ಬರುತ್ತಾರೆ, ಕಾಗದ ಕೊಡುತ್ತಾರೆ, ಅವರು ಯಾವ ಪ್ರವರ್ಗಕ್ಕೆ ಸೇರುತ್ತಾರೆಂದು ನೋಡಿ ಬರೆದು ಸಹಿಗೆ ಕಳಿಸುತ್ತೇನೆ. ಪ್ರವರ್ಗ ಒಂದು, ಎರಡು ಎ, ಎರಡು ಬಿ, ಮೂರು ಎ, ಮೂರು ಬಿ. ಒಂದೇ ಓಣಿಯಲ್ಲಿ ಒಂದೇ ನಲ್ಲಿಯ ನೀರು ಕುಡಿದು ಬೆಳೆದವರು ನನ್ನ ಮೇಜಿನ ಮುಂದೆ ಬಂದಾಗ ಬೇರೆ ಬೇರೆ ಸಾಲಿಗೆ ಹೋಗುತ್ತಾರೆ. ಇದು ಸರಿಯೋ ತಪ್ಪೋ ಎಂದು ಚರ್ಚೆಗೆ ಬರುವವರಿಗೆ ನಾನು ಕುರ್ಚಿ ಕೊಡುವುದಿಲ್ಲ. ಆ ಒಂದು ಹಾಳೆಯ ಮೇಲೆ ಯಾರದೋ ಮಗಳ ಹಾಸ್ಟೆಲ್ಲು, ಯಾರದೋ ಮಗನ ಸೀಟು ನಿಂತಿರುತ್ತದೆ. ಹಾಳೆ ಸರಿಯಾಗಿ ಹೋಗಬೇಕು, ಅಷ್ಟೇ ನನ್ನ ಕೆಲಸ.

ಈ ಕೆಲಸ ನನಗೆ ಕಲಿಸಿದ ವಿದ್ಯೆ ಒಂದೇ: ಅಸಲು ಕಾಗದವನ್ನು ಯಾರ ಕೈಗೂ ಕೊಡಬಾರದು. ನೌಕರಿ ಸೇರಿದ ಹೊಸದರಲ್ಲಿ, ಬೇರೆ ಜಿಲ್ಲೆಯಲ್ಲಿದ್ದಾಗ, ಒಬ್ಬ ಮುದುಕ ಮಗಳ ಶಾಲೆಯ ವರ್ಗಾವಣೆ ಪತ್ರದ ಅಸಲನ್ನೇ ತಂದುಕೊಟ್ಟ. ನಾನೂ ತೆಗೆದುಕೊಂಡೆ. ಯಾವ ಫೈಲಿಗೆ ಸೇರಿಸಿದೆನೋ ಇವತ್ತಿಗೂ ಗೊತ್ತಿಲ್ಲ. ಆ ಮುದುಕ ಬೈಯಲಿಲ್ಲ, ಜಗಳ ತೆಗೆಯಲಿಲ್ಲ. ವಾರಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು, ಸಿಕ್ಕಿತೇ ಎಂದು ಕೇಳಿ, ಇಲ್ಲ ಎಂದರೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ. ಆಮೇಲೆ ಒಂದು ವಾರ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಅಂದಿನಿಂದ ನನ್ನ ಬಾಯಲ್ಲಿ ಒಂದೇ ಮಾತು: ಜೆರಾಕ್ಸ್ ಕೊಡಿ, ಅಸಲು ಮನೆಯಲ್ಲಿಡಿ. ನಮ್ಮವರು ಇದನ್ನು ನನ್ನ ದೇವರ ನಾಮ ಎಂದು ಆಡಿಕೊಳ್ಳುತ್ತಿದ್ದರು.

ನಮ್ಮವರು ಎಂದರೆ ನನ್ನ ಗಂಡ. ಶಹಾಪುರದ ಒಂದು ಹತ್ತಿ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಗಾಡಿಯಿಂದ ಇಳಿಸಿದ ಅಂಡಿಗೆಗೆ ಕೈ ಹಾಕಿ ಒಂದು ಹಿಡಿ ಹತ್ತಿ ತೆಗೆದು, ಎರಡೂ ಹೆಬ್ಬೆರಳ ನಡುವೆ ಎಳೆದು, ಎಳೆಯ ಉದ್ದ ನೋಡಿ ಇದು ಇಂಥ ಮಾಲು ಎಂದು ಹೇಳುವುದು ಅವರ ಕೆಲಸ. ಸುರಪುರದ ನಮ್ಮ ಮನೆಯಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು. ಹುಬ್ಬಿನ ಮೇಲೆ ಹತ್ತಿಯ ಎಳೆ ಕೂತಿರುತ್ತಿತ್ತು. ಬೀಡಿ ಬಿಡಿ ಎಂದು ಮದುವೆಯಾದ ವರ್ಷದಿಂದ ನಾನು ಹೇಳುತ್ತಾ ಬಂದೆ, ಹೂಂ ಎಂದು ಅವರೂ ಅಂದಿನಿಂದಲೇ ಹೇಳುತ್ತಾ ಬಂದರು.

ಮೂತ್ರದಲ್ಲಿ ರಕ್ತ ಹೋಗುತ್ತಿದೆ ಎಂಬುದನ್ನು ಮೂರು ತಿಂಗಳು ಬಾಯಿ ಬಿಡಲಿಲ್ಲ. ನೋವಿರಲಿಲ್ಲವಂತೆ. ಬಿಸಿಲಿಗೆ ಉಷ್ಣ ಎಂದುಕೊಂಡು ದಿನಾ ಜೀರಿಗೆ ನೀರು ಕುಡಿದಿದ್ದಾರೆ. ನಾನು ಅದನ್ನು ಕುದಿಸಿ ಕೊಟ್ಟಿದ್ದೇನೆ, ಯಾಕೆ ಎಂದು ಕೇಳಿರಲಿಲ್ಲ. ಕಲಬುರಗಿಯಲ್ಲಿ ಮೂತ್ರದ ದಾರಿಯಿಂದಲೇ ನಳಿಕೆ ಇಳಿಸಿ ಗಡ್ಡೆಯನ್ನು ಕೆರೆದು ತೆಗೆದರು. ಕ್ಯಾನ್ಸರ್ ಎಂದರು, ಮೂತ್ರಚೀಲದ ಸ್ನಾಯುವಿನೊಳಗೆ ಇಳಿದಿದೆ ಎಂದರು. ಆಮೇಲೆ ಕೀಮೋ. ಅದಾದ ಮೇಲೆ ಮೈಯ ಸ್ವಂತ ಶಕ್ತಿಯನ್ನು ಎಬ್ಬಿಸುತ್ತದೆ ಎನ್ನುವ ಇನ್ನೊಂದು ಇಂಜೆಕ್ಷನ್. ಒಂದೂವರೆ ವರ್ಷ ಹೀಗೆ ಹೋಯಿತು. ಆ ದಿನಗಳಲ್ಲಿ ನನಗೆ ಏನನಿಸುತ್ತಿತ್ತು ಎಂದು ಯಾರಾದರೂ ಕೇಳಿದರೆ, ಏನೂ ಅನಿಸುತ್ತಿರಲಿಲ್ಲ ಎಂದೇ ಹೇಳಬೇಕು. ಕಚೇರಿಗೆ ಹೋಗುತ್ತಿದ್ದೆ, ರಜೆ ಚೀಟಿ ಬರೆಯುತ್ತಿದ್ದೆ, ಬಸ್ಸಿನಲ್ಲಿ ಕೂತರೆ ಊರು ಬಂದಾಗ ಇಳಿಯುತ್ತಿದ್ದೆ. ರಾಯಚೂರಿಗೆ ಕೊಟ್ಟ ಮಗಳು ಫೋನಿನಲ್ಲಿ ಅತ್ತರೆ, ಅಳು ಮುಗಿಯುವ ತನಕ ಕಿವಿಗೆ ಹಿಡಿದುಕೊಂಡು ಕೂತಿರುತ್ತಿದ್ದೆ.

ಶ್ವಾಸಕೋಶದಲ್ಲೂ ಚುಕ್ಕೆ ಕಂಡಾಗ ಕಲಬುರಗಿಯ ಡಾಕ್ಟರು ಹೈದರಾಬಾದಿಗೆ ಚೀಟಿ ಬರೆದುಕೊಟ್ಟರು. ಯಾದಗಿರಿಯಿಂದ ರೈಲು ಹತ್ತಿ ಹೋದೆವು. ಅಲ್ಲಿಯ ಡಾಕ್ಟರು ನನ್ನ ತಮ್ಮನ ವಯಸ್ಸಿನವರು. ಹೈದರಾಬಾದಿನ ಉರ್ದುವಿನಲ್ಲಿ ಮಾತಾಡಿದರು. ಅಡತಿಯ ವ್ಯಾಪಾರಿಗಳ ಜೊತೆ ಮೂವತ್ತು ವರ್ಷ ಬಾಳಿದ ನಮ್ಮವರಿಗೆ ಆ ಭಾಷೆ ನೀರು ಕುಡಿದಷ್ಟು ಸಲೀಸು. ನನಗೆ ಅರ್ಧ ತಿಳಿಯಿತು, ಅರ್ಧ ಇಲ್ಲ. ಡಾಕ್ಟರು ಒಂದು ಹಾಳೆಯ ಹಿಂಬದಿಗೆ ಗೆರೆ ಎಳೆದು, ಮೇಲಿನ ಗೆರೆಗೆ ಒಮ್ಮೆ, ಕೆಳಗಿನ ಗೆರೆಗೆ ಒಮ್ಮೆ ಪೆನ್ನು ಊರಿ ಏನೋ ಹೇಳುತ್ತಲೇ ಇದ್ದರು. ನಮ್ಮವರು ಮುಂದಕ್ಕೆ ಬಾಗಿ, ಹೊಸ ಮಾಲು ನೋಡುವಾಗಿನ ಮುಖ ಮಾಡಿಕೊಂಡು ಕೇಳಿದರು.

ಮರಳುವಾಗ ರೈಲಿನಲ್ಲಿ ನಾನು ಕೇಳಿದ್ದಕ್ಕೆ ಬಿಡಿಸಿ ಹೇಳಿದರು.

"ಹತ್ತಿ ನೋಡಾಕ ಎಲ್ಲಾ ಬೆಳ್ಳಗ ಇರ್ತದ. ಎಳೀ ಹಿಡದು ಎಳದಾಗ ಗೊತ್ತಾಗ್ತದ, ಇದು ಯಾವ ಜಾತಿ ಅಂತ. ಈ ಬ್ಯಾನಿನೂ ಹಂಗಂತ. ದುರ್ಬೀನಿನಾಗ ನೋಡಿದ್ರ ಎಲ್ಲಾ ಒಂದ. ಒಳಗಿನ ಜೀನು ಬಿಚ್ಚಿ ನೋಡಿದ್ರ ಬ್ಯಾರೆ ಬ್ಯಾರೆ."

ಮೂತ್ರಚೀಲದ ಒಳಗೋಡೆಗೆ ಪದರಗಳಿವೆಯಂತೆ. ಕೆಲವು ಗಡ್ಡೆಗಳು ಮೇಲ್ಪದರದ ಕೋಶಗಳ ಗುಣ ಉಳಿಸಿಕೊಂಡಿರುತ್ತವೆ, ಕೆಲವು ತಳಪದರದ ಗುಣ. ಅಪರೂಪಕ್ಕೆ ಕೆಲವು ನರದ ಕೋಶಗಳ ಹಾಗೆ ವರ್ತಿಸುತ್ತವೆ. ಇನ್ನೂ ಒಂದೆರಡು ಗುಂಪುಗಳನ್ನು ಹೇಳಿದ್ದರು, ನಮ್ಮವರಿಗೆ ನೆನಪಿರಲಿಲ್ಲ. ಮುಖ್ಯವಾದದ್ದು ಇಷ್ಟು: ಮೇಲ್ಪದರದ ಗುಂಪಿನ ಹಲವರಲ್ಲಿ ಎಫ್‌ಜಿಎಫ್‌ಆರ್ ಮೂರು ಎಂಬ ಜೀನು ಕೆಟ್ಟಿರುತ್ತದೆ, ಹಾಗೆ ಕೆಟ್ಟಿದ್ದರೆ ಅದಕ್ಕೊಂದು ಗುಳಿಗೆ ಇದೆ. ಮನೆಯಲ್ಲಿ ಕೂತು ನುಂಗುವ ಗುಳಿಗೆ. ಆ ಜೀನು ಕೆಟ್ಟಿಲ್ಲವಾದರೆ ಗುಳಿಗೆ ನುಂಗಿ ಉಪಯೋಗವಿಲ್ಲ. ಇನ್ನೊಂದು ಸುತ್ತು ಕೀಮೋ ಕೊಡಲು ಕಿಡ್ನಿ ಒಪ್ಪುತ್ತಿರಲಿಲ್ಲ. ಅಂದರೆ ತೆರೆದಿದ್ದ ಬಾಗಿಲು ಅದೊಂದೇ.

ಜೀನು ಕೆಟ್ಟಿರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಹೀಗೆ ಬೇಡಿಕೊಳ್ಳುವ ದಿನ ಬರುತ್ತದೆಂದು ಯಾರಿಗೆ ಗೊತ್ತಿತ್ತು? ನನ್ನ ಮೇಜಿನ ಮುಂದೆ ಜನ ಬಂದು, ನಮ್ಮನ್ನು ಹಿಂದುಳಿದವರ ಸಾಲಿಗೇ ಸೇರಿಸಿರಿ ಅಕ್ಕಾ ಎಂದು ಕೈ ಮುಗಿಯುವಾಗ ನನಗೆ ಒಳಗೊಳಗೇ ನಗು ಬರುತ್ತಿತ್ತು. ಆ ದಿನ ರೈಲಿನ ಕಿಟಕಿಯ ಪಕ್ಕ ಕೂತು ನಾನೂ ಕೈ ಮುಗಿದೆ.

ಪರೀಕ್ಷೆ ಆಗಬೇಕಾದದ್ದು ಗಡ್ಡೆಯ ಚೂರಿನ ಮೇಲೆ. ಮೊದಲ ಆಪರೇಷನ್ನಿನಲ್ಲಿ ತೆಗೆದ ಚೂರನ್ನು ಕಲಬುರಗಿಯ ಲ್ಯಾಬಿನಲ್ಲಿ ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಆ ಬ್ಲಾಕ್ ಮತ್ತು ಸ್ಲೈಡುಗಳನ್ನು ತಂದು ಯಾದಗಿರಿಯ ಕಲೆಕ್ಷನ್ ಸೆಂಟರಿಗೆ ಕೊಟ್ಟರೆ ದೊಡ್ಡ ಲ್ಯಾಬಿಗೆ ಹೋಗುತ್ತದೆ, ಆದರೆ ತಡ ಮಾಡಬೇಡಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದರು. ನಮ್ಮವರಿಗೆ ಆಗಲೇ ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವಾಗಿತ್ತು. ಕಲಬುರಗಿಗೆ ನಾನೊಬ್ಬಳೇ ಹೋದೆ.

ಅರ್ಜಿ ಬರೆದು ಕೊಟ್ಟೆ. ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಒಂದೇ ಸಲಕ್ಕೆ ಪಾಸಾಯಿತು. ಒಂದು ಗಂಟೆ ಕಾಯಿಸಿ ಲ್ಯಾಬಿನ ಟೆಕ್ನಿಷಿಯನ್ ಎರಡು ವಸ್ತು ತಂದಿಟ್ಟ. ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ಗಾಜಿನ ಪಟ್ಟಿ, ಅವುಗಳ ಮೇಲೆ ನೇರಳೆ ಬಣ್ಣದ ಕಲೆ. ಇನ್ನೊಂದು ಬೆಂಕಿಪೊಟ್ಟಣಕ್ಕಿಂತ ಸಣ್ಣದು, ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿದ ಬಿಳಿ ಮೇಣ, ಮೇಣದ ನಡುವೆ ಬೂದು ಬಣ್ಣದ ಚೂರುಗಳು. ಎರಡರ ಮೇಲೂ ಒಂದೇ ನಂಬರು. ನಾನು ನಂಬರುಗಳನ್ನು ಚೀಟಿಯ ಜೊತೆ ಹೋಲಿಸಿ ನೋಡಿದೆ. ಇದು ಬೇರೆ, ಅದು ಬೇರೆ ಯಾಕೆ ಎಂದು ಕೇಳಿದೆ. ಈ ಮೇಣದ ತುಂಡಿನಿಂದಲೇ ತೆಳ್ಳಗೆ ಕೊಯ್ದು ಗಾಜಿಗೆ ಅಂಟಿಸಿ ಬಣ್ಣ ಹಾಕಿರುತ್ತೇವೆ ಎಂದ.

"ಇದು ಒಂದ ಐತಿ ನೋಡ್ರಿ. ಕಳದ್ರ ಮತ್ತ ಎಲ್ಲೂ ಸಿಗಂಗಿಲ್ಲ. ಜ್ವಾಕಿ."

ಅವನು ಹೇಳಿದ್ದು ಒಳ್ಳೆಯದಕ್ಕೇ. ಆದರೆ ನನ್ನ ತಲೆ ಹದಿನೆಂಟು ವರ್ಷದಿಂದ ಓಡಿದ ದಾರಿಯಲ್ಲೇ ಓಡಿತು. ಮೇಣದ್ದು ಅಸಲು, ಗಾಜಿನವು ಅದರ ಜೆರಾಕ್ಸ್.

ಬಸ್ಸಿನಲ್ಲಿ ಶಹಾಪುರ ಬರುವ ತನಕ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ಯೋಚಿಸಿದೆ. ಕೊರಿಯರಿನವರು ಕಳೆದರೆ? ಇನ್ಯಾರದೋ ಹೆಸರಿಗೆ ಹೋಗಿ ಸೇರಿದರೆ? ನಾಳೆ ಇನ್ನೊಬ್ಬ ಡಾಕ್ಟರು ಬೇಕೆಂದರೆ ಎಲ್ಲಿಂದ ತರುವುದು? ಬಾಗಿಲಲ್ಲಿ ನಿಲ್ಲುತ್ತಿದ್ದ ಆ ಮುದುಕನ ಮುಖ ಕಣ್ಣ ಮುಂದೆ ಬಂತು. ಮನೆಗೆ ಬಂದವಳೇ ಮೇಣದ ಬ್ಲಾಕನ್ನು ಹತ್ತಿಯಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಯಲ್ಲಿಟ್ಟು, ತಿಜೋರಿಯಲ್ಲಿ ಮನೆಯ ಕಾಗದಪತ್ರದ ಪಕ್ಕ ಇಟ್ಟು ಬೀಗ ಹಾಕಿದೆ. ನಮ್ಮವರು ಮಂಚದ ಮೇಲೆ ಮಲಗಿದ್ದರು. ಎಲ್ಲಾ ಸಿಕ್ಕಿತೇ ಎಂದು ಕೇಳಿದರು. ಸಿಕ್ಕಿತು ಎಂದೆ. ಅದು ಸುಳ್ಳಲ್ಲ.

ಮರುದಿನ ಯಾದಗಿರಿಗೆ ಹೋಗಿ ಗಾಜಿನ ಪಟ್ಟಿಗಳನ್ನು ಕೊಟ್ಟೆ. ಕಲೆಕ್ಷನ್ ಸೆಂಟರಿನ ಹುಡುಗಿ ಫಾರಂ ತುಂಬಿಕೊಳ್ಳುತ್ತಾ, ಎಲ್ಲಾ ಇದರಲ್ಲೇ ಇದೆಯೇ ಎಂದು ಕೇಳಿದಳು. ಇದೆ ಎಂದೆ. ಅವಳು ಹೊಸಬಳು, ನಂಬಿದಳು. ಫೋನ್ ನಂಬರಿಗೆ ನಮ್ಮವರದ್ದೇ ಬರೆಸಿದೆ. ರಸೀದಿ ಪಡೆದು, ಅದಕ್ಕೊಂದು ಜೆರಾಕ್ಸ್ ಮಾಡಿಸಿ, ಮಧ್ಯಾಹ್ನದ ಬಸ್ಸಿಗೆ ಬಂದೆ. ಒಂದು ಕೆಲಸ ಅಚ್ಚುಕಟ್ಟಾಗಿ ಮುಗಿಯಿತು ಎಂದು ಸಮಾಧಾನವಾಗಿತ್ತು.

ಹದಿನಾರನೆಯ ದಿನ ಫೋನು ಬಂತು. ಭಾನುವಾರ, ನಾನು ಮನೆಯಲ್ಲಿದ್ದೆ, ಅಕ್ಕಿ ಆರಿಸುತ್ತಿದ್ದೆ. ನಮ್ಮವರು ಎತ್ತಿ ಮಾತಾಡಿದರು. ಉರ್ದುವಿನಲ್ಲಿ ಎರಡು ಮೂರು ಸಲ ಹಾಂಜೀ ಹಾಂಜೀ ಎಂದರು. ಆಮೇಲೆ ಫೋನನ್ನು ನನ್ನ ಕಡೆ ಚಾಚಿದರು.

"ಲ್ಯಾಬಿನವರು. ಬಣ್ಣ ಹಾಕಿದ ಗ್ಲಾಸಿನ ಮ್ಯಾಗ ಈ ಪರೀಕ್ಷಾ ಆಗಂಗಿಲ್ಲಂತ. ಬ್ಲಾಕ್ ಕಳಿಸೇ ಇಲ್ಲಲ್ಲ ಅಂತಾರ."

ಫೋನು ಕಿವಿಗೆ ಹಿಡಿದುಕೊಂಡೆ. ಆ ಕಡೆಯವರು ಏನು ಹೇಳಿದರೋ ಒಂದೂ ತಲೆಗೆ ಹೋಗಲಿಲ್ಲ. ಕಳಿಸುತ್ತೇನೆ ಎಂದಷ್ಟೇ ಹೇಳಿದೆ. ಇಟ್ಟ ಮೇಲೆ ನಮ್ಮವರು ನನ್ನ ಮುಖ ನೋಡಿದರು. ಎಲ್ಲೋ ತಪ್ಪಾಗಿರಬೇಕು, ನಾಳೆ ನೋಡುತ್ತೇನೆ ಎಂದೆ. ಕಚೇರಿಯಲ್ಲಿ ಎಷ್ಟು ಜನರಿಗೆ ಈ ಮಾತು ಹೇಳಿದ್ದೇನೋ, ಬಾಯಿಗೆ ತಾನಾಗಿ ಬಂತು. ಅವರು ಗೋಡೆಯ ಕಡೆ ಹೊರಳಿ ಮಲಗಿದರು. ನಾನು ತಿಜೋರಿ ತೆರೆದಾಗ ಬಾಗಿಲು ಕಿರ್ ಎಂದಿತು, ಅವರಿಗೆ ಕೇಳಿಸಿರಲೇಬೇಕು. ಹೇಳಿಬಿಡಬೇಕು ಅನಿಸಿತು. ಹೇಳಲಿಲ್ಲ. ನಾಚಿಕೆಯಾಯಿತು ಎಂದರೂ ಸರಿ, ಹೆದರಿದೆ ಎಂದರೂ ಸರಿ.

ಸೋಮವಾರ ಬೆಳಿಗ್ಗೆ ಬ್ಲಾಕನ್ನು ಯಾದಗಿರಿಗೆ ಮುಟ್ಟಿಸಿದೆ. ಆ ಹುಡುಗಿ ಅದರ ನಂಬರನ್ನು ಹಳೆಯ ಫಾರಂ ಜೊತೆ ಹೋಲಿಸಿ ನೋಡಿ ತೆಗೆದುಕೊಂಡಳು. ವರದಿಗೆ ಮೂರು ವಾರವಾಗುತ್ತದೆ ಎಂದಳು. ಈ ಸಲ ನನ್ನ ನಂಬರು ಬರೆಸಿದೆ.

ಆ ಮೂರು ವಾರದಲ್ಲಿ ನಮ್ಮವರು ಇಳಿದುಹೋದರು. ಮೊದಲ ವಾರ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು, ಎರಡನೆಯ ವಾರ ನನ್ನ ಹೆಗಲು ಹಿಡಿದು. ಮೂರನೆಯ ವಾರ ನಾಲ್ಕು ಹೆಜ್ಜೆಗೆ ಒಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಶಹಾಪುರದಿಂದ ಅಡತಿಯ ಜೊತೆಗಾರರು ನೋಡಲು ಬಂದರು. ನಮ್ಮವರು ಈ ಸಲದ ಹತ್ತಿ ಹೇಗಿದೆ ಎಂದು ಕೇಳಿ, ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಅವರು ಹೋದ ಮೇಲೆ, ಒಬ್ಬನಿಗೂ ಎಳೆ ನೋಡಲು ಬರುವುದಿಲ್ಲ ಎಂದು ಬೈದರು. ನಾನು ನಗಲು ನೋಡಿದೆ, ಆಗಲಿಲ್ಲ.

ನಾನು ಲೆಕ್ಕ ಹಾಕುತ್ತಿದ್ದದ್ದು ದಿನಗಳನ್ನು. ಹದಿನಾರು ದಿನ ನನ್ನ ತಿಜೋರಿಯಲ್ಲಿ ಹೋದವು. ವರದಿಯಲ್ಲಿ ಜೀನು ಕೆಟ್ಟಿದೆ ಎಂದು ಬಂದರೆ, ಹದಿನಾರು ದಿನ ಮೊದಲೇ ಗುಳಿಗೆ ಸಿಗುತ್ತಿತ್ತು ಎಂದರ್ಥ. ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ ಮನುಷ್ಯನಿಗೆ ಸಿಗುತ್ತಿತ್ತು. ಈಗ ಸಿಕ್ಕರೂ ನುಂಗಿ ಅರಗಿಸಿಕೊಳ್ಳುವ ಶಕ್ತಿ ಉಳಿದಿದೆಯೋ ಇಲ್ಲವೋ. ಇದನ್ನು ಯಾರ ಹತ್ತಿರವೂ ಆಡಲಿಲ್ಲ. ಮೇಜಿನ ಮುಂದೆ ಜನ ನಿಂತಿರುತ್ತಿದ್ದರು, ನಾನು ಜಾತಿಯ ಕಾಲಂ ತುಂಬುತ್ತಿದ್ದೆ. ಒಂದು ದಿನ ಒಬ್ಬ ಹೆಣ್ಣುಮಗಳು ಅಸಲು ಅಂಕಪಟ್ಟಿ ಮುಂದಿಟ್ಟಳು. ಒಯ್ಯಮ್ಮ, ಜೆರಾಕ್ಸ್ ತಾ ಎನ್ನುವ ಮಾತು ನಾಲಗೆಯ ತುದಿಗೆ ಬಂತು, ಹೊರಗೆ ಬರಲಿಲ್ಲ. ಪಕ್ಕದ ಮೇಜಿನವರು ಅವಳಿಗೆ ಹೇಳಿ ಕಳಿಸಿದರು.

ಊಟ ಸೇರುತ್ತಿರಲಿಲ್ಲ. ಅವರಿಗೆ ಗಂಜಿ ಕುಡಿಸಿ, ನಾನು ತಟ್ಟೆಯ ಮುಂದೆ ಕೂತು, ರೊಟ್ಟಿಯನ್ನು ಮುರಿದು ಮುರಿದು ಇಟ್ಟು ಏಳುತ್ತಿದ್ದೆ. ಎರಡು ಮೂರು ಸಲ ಅವರು ಗಮನಿಸಿ, ಉಣ್ಣು ಎಂದರು. ಆಮೇಲೆ ಹೇಳುವುದನ್ನೂ ಬಿಟ್ಟರು.

ವರದಿ ನನ್ನ ಫೋನಿಗೆ ಬಂದದ್ದು ಹನ್ನೆರಡೂವರೆಗೆ, ಕಚೇರಿಯಲ್ಲಿ. ಏಳು ಪುಟ. ಇಂಗ್ಲಿಷಿನ ಕಾಗದ ಓದಿ ನನಗೆ ರೂಢಿಯಿದೆ, ಬೇಕಾದ ಸಾಲು ಎಲ್ಲಿರುತ್ತದೆ ಎಂದು ಗೊತ್ತು. ಎಫ್‌ಜಿಎಫ್‌ಆರ್ ಮೂರು, ಅದರ ಮುಂದೆ: ಬದಲಾವಣೆ ಕಂಡುಬಂದಿಲ್ಲ. ಅದೇ ಪುಟದ ಕೆಳಗೆ, ಈ ಗಡ್ಡೆ ತಳಪದರದ ಗುಂಪಿಗೆ ಸೇರಿದೆ ಎಂದಿತ್ತು. ನಾನು ಬರೆದುಕೊಡುವ ಹಾಳೆ ಹಿಡಿದು ಜನ ಎಲ್ಲಿಗಾದರೂ ಹೋಗಿ ಏನನ್ನಾದರೂ ಪಡೆಯುತ್ತಾರೆ. ಈ ಹಾಳೆ ಹಿಡಿದು ನಮ್ಮವರು ಎಲ್ಲಿಗೂ ಹೋಗುವಂತಿರಲಿಲ್ಲ. ಹೈದರಾಬಾದಿನ ಡಾಕ್ಟರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಅವರೇ ಫೋನು ಮಾಡಿದರು. ಗುಳಿಗೆಯಿಂದ ಪ್ರಯೋಜನವಿಲ್ಲ, ಮನೆಯಲ್ಲೇ ನೋವಾಗದಂತೆ ನೋಡಿಕೊಳ್ಳಿ ಎಂದರು. ಹದಿನಾರು ದಿನ ಮುಂಚೆ ಕೊಟ್ಟಿದ್ದರೆ ಎಂದು ಕೇಳಿದೆ. ಮುಂಚೆ ಕೊಟ್ಟಿದ್ದರೂ ಇದೇ ವರದಿ ಬರುತ್ತಿತ್ತು ಎಂದರು.

ಫೋನು ಕೆಳಗಿಟ್ಟೆ. ನನಗೆ ಮೊದಲು ಆದದ್ದು ದುಃಖವಲ್ಲ. ಎದೆಯ ಮೇಲಿನ ಮಣ ಭಾರ ಇಳಿಯಿತು. ನಾನಲ್ಲ, ನನ್ನಿಂದಲ್ಲ ಎಂದು ಒಳಗೆ ಯಾರೋ ಹೇಳುತ್ತಲೇ ಇದ್ದರು. ಎಷ್ಟೋ ವಾರದ ಮೇಲೆ ಹಸಿವಾಯಿತು, ನಿಜವಾದ ಹಸಿವು, ಹೊಟ್ಟೆ ಗುರ್ ಎನ್ನುವ ಹಸಿವು. ವರದಿಯನ್ನು ಪ್ರಿಂಟ್ ತೆಗೆದುಕೊಂಡು, ಅರ್ಧ ದಿನದ ರಜೆ ಬರೆದುಕೊಟ್ಟು ಬಿಸಿಲಲ್ಲಿ ಮನೆಗೆ ನಡೆದೆ. ಗಂಡ ಉಳಿಯುವುದಿಲ್ಲ ಎಂಬ ಕಾಗದ ಬ್ಯಾಗಿನಲ್ಲಿತ್ತು, ನನ್ನ ಹೆಜ್ಜೆಗಳು ಹಗುರವಾಗಿ ಬೀಳುತ್ತಿದ್ದವು. ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಇದ್ದದ್ದು ಹಾಗೆಯೇ.

ನಮ್ಮವರು ಎಚ್ಚರವಾಗಿದ್ದರು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಹೇಳಿದೆ. ಮೇಲ್ಪದರದ್ದಲ್ಲ, ತಳಪದರದ್ದು, ಆ ಜೀನು ಕೆಟ್ಟಿಲ್ಲ, ಗುಳಿಗೆ ಬರುವುದಿಲ್ಲ. ಒಂದೇ ಉಸಿರಿಗೆ ಹೇಳಿದೆ. ಅವರು ವರದಿ ನೋಡಲಿಲ್ಲ, ನನ್ನನ್ನು ನೋಡಿದರು. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದ ಮನುಷ್ಯ, ನನ್ನ ಮುಖದಲ್ಲಿ ಏನಿತ್ತೋ ಎಲ್ಲಾ ಓದಿಕೊಂಡಿರಬೇಕು.

"ಡಬ್ಬಿ ತಿಜೋರ್ಯಾಗ ಇಟ್ಟಿದ್ದಿ, ಗೊತ್ತದ ನನಗ," ಎಂದರು. "ಮೊದಲ ಕೊಟ್ಟಿದ್ರೂ ಇದ ಬರ್ತಿತ್ತಲ್ಲ? ಹಂಗಾದ್ರ ನಿನ್ನ ಮ್ಯಾಗ ಏನೂ ಬರ್ಲಿಲ್ಲ. ಇನ್ನರೆ ಉಣ್ಣು."

ನಾನು ಕಾಲು ಹಿಡಿಯಬೇಕಿತ್ತೋ, ಅಳಬೇಕಿತ್ತೋ. ಅಡುಗೆಮನೆಗೆ ಹೋಗಿ ರೊಟ್ಟಿ, ಪುಂಡಿಪಲ್ಲೆ ಹಾಕಿಕೊಂಡು ಬಂದು ಅವರ ಮಂಚದ ಎದುರು ನೆಲದ ಮೇಲೆ ಕೂತು ಉಂಡೆ. ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಎದ್ದೆ. ಅವರು ನಾನು ಉಣ್ಣುವುದನ್ನೇ ನೋಡುತ್ತಾ ಕೂತಿದ್ದರು.

ಅವರು ಹೋಗಿ ಒಂದು ವರ್ಷದ ಮೇಲಾಯಿತು. ಕೊನೆಯ ದಿನಗಳನ್ನು ಮಗಳಿಗೆ ಹೇಳಿದ್ದೇನೆ, ತಿಜೋರಿಯ ಸಂಗತಿಯನ್ನೂ ಹೇಳಿದ್ದೇನೆ. ಆ ಮಧ್ಯಾಹ್ನದ ಊಟ ನನಗೆ ರುಚಿಯಾಗಿತ್ತು ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.